ಮಾಮಾನ ಲೆಕ್ಕದಲ್ಲಿ ನನಗೆ ಮೂರೇ ಮಾರ್ಕು

ನನ್ನ ಮಾಮಾನನ್ನು ಕೇಳಿ ನೋಡಿ, ಜಗತ್ತಿನಲ್ಲಿ ಮನುಷ್ಯರು ಎಂಬವರೇ ಇಲ್ಲ, ಇರುವವೆಲ್ಲ ಹೆಲಿಕಾಪ್ಟರುಗಳು! ಈತ ನಮ್ಮ ಅವ್ವನ ಅಣ್ಣ. ವಾಯುಸೇನೆಯಲ್ಲಿ ಹೆಲಿಕಾಪ್ಟರುಗಳ ನಟ್ಟು ಬೋಲ್ಟು ಬಿಗಿಯುತ್ತಲೇ ತಲೆ ನರೆಸಿಕೊಂಡು, ಪಿಂಚಣಿ ಹಿಡಿದು ಭಾಲ್ಕಿಗೆ ಬಂದು ನೆಲೆಸಿದ. ಬಂದದ್ದು ಮೈ ಮಾತ್ರ. ಬಾಯಿ ಇನ್ನೂ ಡ್ಯೂಟಿಯಲ್ಲೇ ಇತ್ತು.

ಅವನ ಪಂಚಪ್ರಾಣವೆಂದರೆ ಧ್ರುವ ಹೆಲಿಕಾಪ್ಟರು. ಹೆಸರು ಒಂದೇ, ಆದರೆ ಅದರಲ್ಲಿ ಮಾರ್ಕ್ ಒನ್, ಟೂ, ಥ್ರೀ, ಫೋರ್ ಅಂತ ಅಣ್ಣತಮ್ಮಂದಿರಿದ್ದಾರೆ. ಒನ್ನಿಗೆ ಹಳೇ ಕಾಲದ ಮುಳ್ಳಿನ ಡಯಲ್ಲುಗಳು. ಟೂ ಬಂದಾಗ ಅವು ಹೋಗಿ ಟೀವಿಯಂಥ ಪರದೆಗಳು ಬಂದವು. ಥ್ರೀಗೆ ಇಂಜಿನ್ ಗಟ್ಟಿ, ಹಿಮದ ಬೆಟ್ಟಗಳನ್ನೂ ಏರುತ್ತದಂತೆ. ಫೋರಿಗೆ ಬಂದೂಕು, ರಾಕೆಟ್ಟು! ಇಷ್ಟು ನಮ್ಮ ಮನೆಯ ಬೆಕ್ಕಿಗೂ ಬಾಯಿಪಾಠವಾಗಿತ್ತು ಅಂದರೆ ನಂಬಿ.

ಬರೀ ಬಾಯಿಪಾಠವಾಗಿದ್ದರೆ ಸಹಿಸಬಹುದಿತ್ತು. ಮಾಮಾ ನೆಂಟರನ್ನೆಲ್ಲ ಹೀಗೇ ವಿಂಗಡಿಸಿಬಿಟ್ಟಿದ್ದ! ಕೈಗಡಿಯಾರಕ್ಕೆ ಇನ್ನೂ ಕೀಲಿ ಕೊಡುವ ನಮ್ಮ ಅಜ್ಜಿ ಮಾರ್ಕ್ ಒನ್. ಹೊಸ ಮೊಬೈಲಿನ ಪರದೆ ಉಜ್ಜುತ್ತ ಕೂತ ನಮ್ಮಪ್ಪ ಮಾರ್ಕ್ ಟೂ. ಎದುರು ಮಾತಾಡುವುದರಲ್ಲಿ ಯಾರಿಗೂ ಬಗ್ಗದ ನಾನು ಮಾರ್ಕ್ ಥ್ರೀ, “ಇಂಜಿನ್ ಗಟ್ಟಿ ಅದ ನೋಡ್ರಿ ಇಕೀದು!” ಇನ್ನು ಮಾರ್ಕ್ ಫೋರ್ ಯಾರೆಂದು ಹೇಳಬೇಕೆ? ಮಾಮಿ! ಒಮ್ಮೆ ಬಂದ ಅತಿಥಿಗಳಿಗೆ ಮಾಮಾ ಇದನ್ನು ವಿವರಿಸುತ್ತಿದ್ದಾಗ ಒಳಗಿಂದ ಲಟ್ಟಣಿಗೆಯ ಸದ್ದು ನಿಂತಿತು. “ಜರಾ ಒಳಗ ಬರ್ರಿ, ರಾಕೆಟ್ ತೋರಸ್ತೇನಿ” ಎಂದಳು ಮಾಮಿ. ಮಾಮಾ ಅತಿಥಿಗಳ ಕಡೆ ಹೆಮ್ಮೆಯಿಂದ ನೋಡಿದ, “ನಾ ಹೇಳಲಿಲ್ಲೇನ್ರಿ?”

ಬೀದರಿನ ವಾಯುನೆಲೆಯಿಂದ ಏಳುವ ಜೆಟ್ಟುಗಳನ್ನು ಕಂಡರೆ ಅವನಿಗೆ ತಾತ್ಸಾರ. “ಅವೇನ್ ವಿಮಾನ? ದೀಪಾವಳಿ ಪಟಾಕಿ!” ಆದರೆ ಎಂದಾದರೊಮ್ಮೆ ಪಟಪಟ ಸದ್ದು ಕೇಳಿತೋ, ಊಟದ ತಟ್ಟೆಯನ್ನೂ ಬಿಟ್ಟು ಅಂಗಳಕ್ಕೆ ಓಟ. ಅವು ಬರಗಾಲದ ವರ್ಷಗಳು. ಭಾತಂಬ್ರಾ, ಹಲಬರ್ಗಾ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದು, ಪುಣೆಯ ಬಸ್ಸಿಗೆ ಕಾಯುತ್ತಿದ್ದ ಕಾಲ. ಮೋಡ ಬಿತ್ತನೆ ಮಾಡುತ್ತಾರೆಂಬ ಸುದ್ದಿ ಬೇರೆ ಹಬ್ಬಿತ್ತು. ಒಂದು ದಿನ ಭಾಲ್ಕಿ ಬಸ್ ಸ್ಟ್ಯಾಂಡಿನ ಮೇಲೆ ಹೆಲಿಕಾಪ್ಟರೊಂದು ಹಾದಾಗ ಎಲ್ಲರೂ ಕತ್ತೆತ್ತಿದರು. ಭಾತಂಬ್ರಾದ ಮುದುಕನೊಬ್ಬ ಅಲ್ಲೇ ನಿಂತಿದ್ದ ಮಾಮಾನನ್ನು ಕೇಳಿದ, “ಮಳಿ ಬರ್ತದೇನ್ರಿ?”

“ಮಳಿ ಗೊತ್ತಿಲ್ರಿ. ಮಾರ್ಕ್ ಥ್ರೀ ಅಂತೂ ಬಂತು!”

“ಮೂರನೇದು ಬಂತೇನ್ರಿ? ನಮಗ ಮೊದಲನೇ ಮಳೀನೇ ಬಂದಿಲ್ಲಲ್ರೀ!” ಎಂದು ಮುದುಕ ಗಂಟು ಎತ್ತಿಕೊಂಡು ಪುಣೆಯ ಬಸ್ಸು ಹತ್ತಿದ.

ಅದೇ ವರ್ಷಗಳಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ಸಣ್ಣವಳಿದ್ದಾಗ ಬಂದ ಜ್ವರವೊಂದು ನನ್ನ ಎಡಗಾಲನ್ನು ಸಣಕಲು ಮಾಡಿ ಹೋಗಿತ್ತು. ನಡೆಯುತ್ತೇನೆ, ಆದರೆ ಓಲಾಡಿಕೊಂಡು. ನೋಡಲು ಬಂದ ಮೂರ್ನಾಲ್ಕು ಮನೆಯವರು ಚೂಡಾ ತಿಂದು, ಚಹಾ ಕುಡಿದು, ಊರು ಬಿಟ್ಟು ದುಡಿಯಲು ಹೋಗುವ ಮನೆಗೆ ಓಡಾಡುವ ಸೊಸೆಯೇ ಬೇಕೆಂದು ಎದ್ದು ಹೋಗಿದ್ದರು. ನಾನು ಮೇಲೆ ಮೇಲೆ ನಗುತ್ತಿದ್ದೆ. ಒಳಗೆ ಕುದಿಯುತ್ತಿದ್ದೆ.

ಈ ಸಲ ಔರಾದಿನವರು ಬರುವವರಿದ್ದರು. ಹುಡುಗ ಹೈದರಾಬಾದಿನಲ್ಲಿ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವರು ಕಳಿಸಿದ್ದ ಫೋಟೋದಲ್ಲಿ ಹುಡುಗನ ಮುಖ ನನಗೆ ಹಿಡಿಸಿಬಿಟ್ಟಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವ್ವ ಬೆಳಿಗ್ಗೆಯೇ ಮಾಮಾನಿಗೆ ಕೈ ಮುಗಿದಳು. “ಅಣ್ಣಾ, ಇವತ್ತ ಒಂದ ದಿನ ಹೆಲಿಕಾಪ್ಟರ್ ಸುದ್ದಿ ತೆಗಿಬ್ಯಾಡೋ!”

“ಏ ಹುಚ್ಚಿ, ನಂಗ ಅಷ್ಟೂ ತಿಳಿಯಂಗಿಲ್ಲೇನ?” ಎಂದ ಮಾಮಾ.

ತಿಳಿದದ್ದು ಎಷ್ಟೆಂದರೆ, ಹುಡುಗನ ಸೋದರತ್ತೆ ಚಹಾದ ಕಪ್ಪು ಕೆಳಗಿಟ್ಟು “ಹುಡುಗಿ ಹ್ಯಾಂಗ್ರಿ, ಶಾಣ್ಯಾಕಿ ಇದ್ದಾಳೇನು?” ಎಂದು ಕೇಳಿದ್ದೇ ತಡ, ಮಾಮಾನ ಬಾಯಿಂದ ಹಾರಿಯೇಬಿಟ್ಟಿತು.

“ಮಾರ್ಕ್ ಥ್ರೀ ಅದಾಳ್ರಿ!”

“ಥ್ರೀ?” ಅತ್ತೆಯ ಹುಬ್ಬು ಮೇಲೇರಿತು. “ಅಂದ್ರ ಮೂರ ಮಾರ್ಕ್ಸಾ? ನೂರಕ್ಕ?”

“ನಮ್ಮ ಮನ್ಯಾಗ ಅದೇ ಭಾಳ ಆತ್ರಿ. ನಾಕು ಅಂದ್ರ ನನ್ನ ಹೆಂಡ್ತಿ ಒಬ್ಬಾಕೇ!”

ಹುಡುಗನ ಅಪ್ಪ ದೊಡ್ಡ ಮನಸ್ಸಿನವರು. “ಇರ್ಲಿ ಬಿಡ್ರಿ, ನಮ್ಮ ಹುಡುಗಂದೂ ಇಂಗ್ಲಿಷ್‌ನ್ಯಾಗ ಹೋಗಿತ್ತು” ಎಂದು ಸಮಾಧಾನ ಹೇಳಿದರು. ಬಿ.ಎ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ನನಗೆ ನೆಲ ಬಾಯಿ ತೆರೆಯಬಾರದೇ ಎನಿಸಿತು! ಅವ್ವ ಮಧ್ಯೆ ಬಾಯಿ ಹಾಕಿ ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಹುಡುಗ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕೆಮ್ಮುವವನಂತೆ ನಗುತ್ತಿದ್ದ.

ಅತ್ತೆ ಮಾತ್ರ ನಗಲಿಲ್ಲ. ಆಕೆಯ ಕಣ್ಣು ನನ್ನ ಕಾಲಿನ ಮೇಲಿತ್ತು. ಮಾಮಾ ಅದನ್ನು ಗಮನಿಸಿ ಮುಂದಕ್ಕೆ ಸರಿದು ಕೂತ.

“ಅಕ್ಕಾರ, ಒಂದೇ ಹೆಲಿಕಾಪ್ಟರಿನ್ಯಾಗ ಕೆಲವಕ್ಕ ಗಾಲಿ ಇರ್ತಾವ, ಕೆಲವಕ್ಕ ಗಾಲಿ ಬದಲಿ ಬರೇ ಎರಡು ಕೊಳವಿ. ಕೊಳವಿ ಇದ್ದದ್ದು ನೆಲದ ಮ್ಯಾಲ ಒಂದ ಮಾರು ಓಡಂಗಿಲ್ಲ. ಮ್ಯಾಲ ಹೋದ ಮ್ಯಾಲ ಯಾರ ಕಾಲು ಯಾರ ನೋಡ್ತಾರ್ರಿ?”

“ಅದು ಹಾರ್ತದ್ರಿ, ಖರೆ” ಎಂದಳು ಅತ್ತೆ. ದನಿಯಲ್ಲಿ ಕೆಡುಕಿರಲಿಲ್ಲ, ಬರೀ ಚಿಂತೆಯಿತ್ತು. “ಇಕಿ ಹಾರಂಗಿಲ್ಲಲ್ಲ? ಹೈದರಾಬಾದಿನ್ಯಾಗ ನಮ್ಮ ಹುಡುಗಂದು ಮೂರನೇ ಮಾಳಿಗಿ. ನೀರಿನ ಟ್ಯಾಂಕರ್ ಕೆಳಗ ಬಂದು ನಿಲ್ತದ. ಕೊಡ ಹ್ಯಾಂಗ ಏರಸ್ತಾಳ್ರಿ ಇಕಿ?”

ಈಗ ಯಾವ ಮಾರ್ಕು ಬರುತ್ತದೋ ಎಂದು ನಾನು ತಲೆ ತಗ್ಗಿಸಿದೆ. ಯಾವುದೂ ಬರಲಿಲ್ಲ. ಮಾತಿಗೆಂದೂ ಬರ ಕಾಣದ ಮನುಷ್ಯ ಎರಡು ಸಲ ಗಂಟಲು ಸರಿಮಾಡಿಕೊಂಡ.

“ಹುಡುಗ ಏರಿಸ್ಲಿ” ಎಂದ.

ಅಷ್ಟೇ. ಅವ್ವ ಹಣೆ ಬಡಿದುಕೊಂಡಳು. ಅದುವರೆಗೆ ತುಟಿ ಬಿಚ್ಚದ ಹುಡುಗ ಮಾಮಾನ ಮುಖವನ್ನೇ ನೋಡಿದ.

“ಏರಸ್ತೇನ್ರಿ” ಎಂದ. “ಈಗಾದ್ರೂ ಮತ್ಯಾರ ಏರಸ್ತಾರ್ರಿ? ನಾನೇ.”

ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತರಲ್ಲೇ ಮಾಮಾ ಹೇಳದೆ ಕೇಳದೆ ನಮ್ಮ ಬಾಗಿಲಲ್ಲಿ ನಿಂತಿದ್ದ. ಕೆಳಗೆ ಟ್ಯಾಂಕರಿನ ಹಾರನ್ ಆಯಿತು. ನನ್ನ ಗಂಡ ಕೊಡ ಹಿಡಿದು ಇಳಿದ. ನಾನು ಚಹಾಕ್ಕಿಟ್ಟು ತಿರುಗಿ ನೋಡಿದರೆ ಮಾಮಾನೂ ಇಲ್ಲ, ಇನ್ನೊಂದು ಕೊಡವೂ ಇಲ್ಲ! ಸ್ವಲ್ಪ ಹೊತ್ತಿಗೆ ಇಬ್ಬರೂ ಮೆಟ್ಟಿಲು ಏರಿ ಬಂದರು. ಮುಂದೆ ಗಂಡ, ಹಿಂದೆ ಅಂಗಿಯೆಲ್ಲ ತೋಯಿಸಿಕೊಂಡು ಏದುಸಿರು ಬಿಡುತ್ತ ಮಾಮಾ.

ನನಗೆ ಸಿಟ್ಟೇ ಬಂತು. “ಈ ವಯಸ್ಸಿನ್ಯಾಗ ನಿಂಗ್ಯಾಕ ಬೇಕಿತ್ತು ಮಾಮಾ? ಎಷ್ಟು ಭಾರ ಅದ!”

ಅವನು ಕೊಡ ಇಳಿಸಿ ಗೋಡೆಗೆ ಒರಗಿದ.

“ನಿಂಗ ಜ್ವರ ಬಂದಾಗ ನಾ ರಜಾಕ್ಕ ಬಂದಿದ್ದೆ. ನಿನ್ನ ಹೆಗಲ ಮ್ಯಾಲ ಹೊತ್ತು ಬೀದರ್ ದವಾಖಾನಿ ಮೆಟ್ಟಲಾ ಏರೀನಿ, ಮಗಳ. ಆವತ್ತ ಜರಾ ಜಲ್ದಿ ಏರಿದ್ರ ನಿನ್ನ ಕಾಲು ಉಳೀತಿತ್ತೇನೋ ಅಂತ ಇವತ್ತಿಗೂ ಅನಸ್ತದ.”

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ನಾನು ಅಳುತ್ತ, ಸೆರಗಿನಿಂದ ನನ್ನ ಮಾಮಾನ ಒದ್ದೆ ಮುಖ ಒರೆಸಿದೆ.