ಗುಲಾಬಿ ಪಾತಿಯ ಮಣ್ಣು

ಹತ್ತು ಜನ ಬಂದು ಎಳೆದರೂ ಈ ಮನೆ ಬಿಟ್ಟು ಕದಲುವುದಿಲ್ಲ ಎಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಹಿಂದೆ ಬ್ಯಾಟರಿ ಕಾರ್ಖಾನೆ ಇತ್ತು, ನಿಜ. ಅದು ಮುಚ್ಚಿದ ಮೇಲೆ ಮಣ್ಣಲ್ಲಿ ಸೀಸದ ವಿಷ ಉಳಿದಿದೆ ಎಂಬ ಸುದ್ದಿ ಹಬ್ಬಿ, ಅರ್ಧ ಬೀದಿಯ ಗೇಟುಗಳಿಗೆ ‘ಮಾರಾಟಕ್ಕಿದೆ’ ಬೋರ್ಡು ಬಿತ್ತು. ಬೀಳಲಿ! ನನ್ನ ಅಂಗಳದಲ್ಲಿ ನಾನೇ ನೆಟ್ಟ ಇಪ್ಪತ್ತು ವರ್ಷದ ನಿಂಬೆಗಿಡವಿದೆ. (ಈ ಮನೆಯಲ್ಲಿ ನನಗೆ ಎದುರಾಡದೆ ಬೆಳೆದದ್ದು ಅದೊಂದೇ.)

“ರೀ, ನಮ್ಮಣ್ಣನ ಬಡಾವಣೆ ನೋಡಿ, ಮಣ್ಣು ಎಷ್ಟು ಶುದ್ಧ! ಅವನ ಪಕ್ಕದ ಮನೆ ಖಾಲಿ ಇದ್ಯಂತೆ,” ಎಂದು ನನ್ನವಳು ಮೂರು ಹೊತ್ತೂ ಔಷಧಿಯಂತೆ ಕುಡಿಸುತ್ತಿದ್ದಳು.

“ನಿಮ್ಮಣ್ಣನ ಪಕ್ಕದಲ್ಲಿರೋದಕ್ಕಿಂತ ಸೀಸವೇ ವಾಸಿ ಕಣೇ!”

ಅಷ್ಟರಲ್ಲಿ ನಗರಸಭೆಯವರು ಮನೆಗೊಂದು ಡಬ್ಬಿ ಹಂಚಿದರು. ಅಂಗಳದ ಮಣ್ಣು ತುಂಬಿಕೊಡಬೇಕು. ಸೀಸ ಸಿಕ್ಕರೆ ಎಲ್ಲ ಅಗೆದು ಹೊಸ ಮಣ್ಣು ಹಾಕುತ್ತಾರೆ. ಅಗೆದರೆ ನನ್ನ ನಿಂಬೆಯ ಗತಿ? ಭಾನುವಾರ ಭಾವನ ಮನೆಗೆ ಊಟಕ್ಕೆ ಹೋದವನು, ಅವರು ಕೈ ತೊಳೆಯುವಷ್ಟರಲ್ಲಿ ಅವರ ಗುಲಾಬಿ ಪಾತಿಯ ‘ಶುದ್ಧ’ ಮಣ್ಣನ್ನು ಡಬ್ಬಿಗೆ ತುಂಬಿ, ನನ್ನ ವಿಳಾಸ ಬರೆದುಬಿಟ್ಟೆ.

ಹದಿನೈದು ದಿನಕ್ಕೆ ವರದಿ ಬಂತು. ಸೀಸ, ಮಿತಿಗಿಂತ ನಾಲ್ಕು ಪಟ್ಟು!

ಅಗೆಯುವ ಯಂತ್ರ ಬಂದಾಗ ನಾನು ಗಿಡ ತಬ್ಬಿ ನಿಂತೆ. “ಸಾರ್, ಇದು ನೀವೇ ಕೊಟ್ಟ ಮಣ್ಣಲ್ವಾ?” ಎಂದರು ಎಂಜಿನಿಯರು. ಅಲ್ಲ ಎಂದರೆ ಕಳ್ಳ, ಹೌದು ಎಂದರೆ ಕೊಲೆಗಾರ. ಗಿಡ ಹೋಯಿತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

“ಅಳಬೇಡಿ ರೀ, ಅಣ್ಣನ ಪಕ್ಕಕ್ಕೇ ಹೋಗೋಣ,” ಎಂದು ಅವಳು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಇನ್ನು ತಡೆಯಲಾಗಲಿಲ್ಲ. “ಅದು ನಿಮ್ಮಣ್ಣನ ಗುಲಾಬಿ ಪಾತಿ ಮಣ್ಣು ಕಣೇ!” ಎಂದು ಕಿರುಚಿದೆ.

ಅವಳು ಪಾತ್ರೆ ಬಿಟ್ಟು ಫೋನಿಗೆ ಓಡಿದಳು. ವಿಚಾರಿಸಿದರೆ, ಆ ಬಡಾವಣೆಯ ತಗ್ಗು ತುಂಬಿಸಲು ಹಿಂದೆ ನಮ್ಮ ಕಾರ್ಖಾನೆಯ ಮಣ್ಣನ್ನೇ ಸುರಿದಿದ್ದರಂತೆ.

ಈಗ ಹೊಸ ಮಣ್ಣು ಬಿದ್ದು ನಮ್ಮ ಅಂಗಳಕ್ಕೂ ನೆರೆಯವರ ಅಂಗಳಗಳಿಗೂ ಶುದ್ಧ ಎಂಬ ಪ್ರಮಾಣಪತ್ರವಿದೆ. ಬೀದಿಯ ಬೋರ್ಡುಗಳು ಒಂದೊಂದಾಗಿ ಇಳಿಯುತ್ತಿವೆ. ಈ ಮನೆ ಬಿಡುವ ಮಾತನ್ನು ನನ್ನವಳೂ ಬಿಟ್ಟಿದ್ದಾಳೆ. ಗೆದ್ದವನು ನಾನೇ! ಆದರೆ ಆ ಬಡಾವಣೆಯಲ್ಲೂ ಅಗೆತ ಶುರುವಾದಾಗ ಭಾವ ಸಂಸಾರ ಸಮೇತ, ಆರು ಸೂಟ್‌ಕೇಸಿನೊಂದಿಗೆ ನಮ್ಮಲ್ಲಿಗೆ ಬಂದು ಮೂರು ತಿಂಗಳಾಯಿತು.

ನಿನ್ನೆ ಅಲ್ಲಿಯ ಕೆಲಸ ಮುಗಿಯಿತೆಂದು ತಿಳಿದು, ಸೂಟ್‌ಕೇಸು ಹೊರಲು ಉತ್ಸಾಹದಿಂದ ಅಂಗಿಯ ತೋಳು ಮಡಿಸಿಕೊಂಡು ಅಂಗಳಕ್ಕೆ ಬಂದೆ. ನಿಂಬೆಗಿಡವಿದ್ದ ಜಾಗದಲ್ಲಿ ನನ್ನದೇ ಆರಾಮಕುರ್ಚಿ ಹಾಕಿಕೊಂಡು ಕೂತಿದ್ದ ಭಾವ ಕಾಲು ಚಾಚಿದರು.

“ಹತ್ತು ಜನ ಬಂದು ಎಳೆದ್ರೂ ನಾನು ಈ ಬೀದಿ ಬಿಟ್ಟು ಕದಲಲ್ಲ ಭಾವ. ನಿಮ್ಮ ಪಕ್ಕದ ಮನೆ ಮಾರಾಟಕ್ಕಿತ್ತಲ್ಲ, ಬೆಳಿಗ್ಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ.”