ನಿದ್ದೆಗಣ್ಣಿನ ರಾಕ್ಷಸ

ಬೆಳಿಗ್ಗೆ ಏಳಕ್ಕೆಲ್ಲ ಬಸವಲಿಂಗಪ್ಪನವರು ಬಸವೇಶ್ವರನಗರದ ತಮ್ಮ ಹೊಸ ಮನೆಗೆ ಕಟ್ಟಿದ್ದ ದೃಷ್ಟಿಗೊಂಬೆಯ ತಗಡನ್ನು ಕಿತ್ತು, ಸ್ಕೂಟರಿನಲ್ಲಿ ಇಟ್ಟುಕೊಂಡು ಸುಂಕದಕಟ್ಟೆಗೆ ಬಂದರು. ಗೊಂಬೆ ಬರೆಯುವ ಪಾಪಮ್ಮ ಆಗತಾನೇ ಅಂಗಡಿಯ ಬಾಗಿಲು ತೆಗೆದು, ಐದು ನಿಮಿಷ ಗೋಡೆಗೆ ಒರಗೋಣ ಅಂದುಕೊಂಡಿದ್ದಳು.

"ಏನಮ್ಮಾ ಇದು? ದೃಷ್ಟಿ ತಾಗಬಾರ್ದು ಅಂತ ಗೊಂಬೆ ಕಟ್ಟಿದ್ರೆ, ಊರ ಕಣ್ಣೆಲ್ಲ ನಮ್ಮನೇ ಮೇಲೇ! ದಿನಾ ಗೇಟ್ ಮುಂದೆ ಸೆಲ್ಫಿ. ನಿನ್ನೆ ಇಬ್ರು ಜಪಾನಿನೋರು ಬಂದು, ನನ್ನ ಕೈಗೇ ಮೊಬೈಲ್ ಕೊಟ್ಟು ಫೋಟೋ ತೆಗೀರಿ ಅಂದ್ರು!"

"ನಾನೇನ್ ಮಾಡ್ಲಿ ಸಾರ್..."

"ಹನ್ನೊಂದೂವರೆಗೆ ಗೃಹಪ್ರವೇಶ. ಅಷ್ಟರೊಳಗೆ ಇದನ್ನ ಅಳಿಸಿ, ಉಗ್ರವಾದ್ದು ಬರ್ದುಕೊಡಿ. ನೋಡಿದೋರು ಎದ್ನೋ ಬಿದ್ನೋ ಅಂತ ಓಡ್ಬೇಕು. ಆಗ್ಲಿಲ್ಲ ಅಂದ್ರೆ, ಆರ್.ಆರ್. ನಗರದ ನನ್ನ ಅಪಾರ್ಟ್‌ಮೆಂಟಿಗೆ ಹೇಳಿದ್ನಲ್ಲ, ಆ ನಲವತ್ತು ಗೊಂಬೇನೂ ಬೇರೆಯವರ ಹತ್ರಾನೇ ಬರೆಸ್ತೀನಿ."

ನಲವತ್ತು ಗೊಂಬೆಯೆಂದರೆ ಪಾಪಮ್ಮನಿಗೆ ಆರು ತಿಂಗಳ ಅನ್ನ.

ಅವಳ ರಾಕ್ಷಸ ಮೊದಲಿನಿಂದಲೂ ಹಾಗೆಯೇ. ಗುಲಾಬಿ ಮುಖ, ಗಿಳಿಹಸಿರು ಮೀಸೆ, ನೇರಳೆ ಕೊಂಬು, ಸುತ್ತ ದಪ್ಪ ಕಪ್ಪು ಗೆರೆ. ರೆಪ್ಪೆ ಮಾತ್ರ ಅರ್ಧ ಇಳಿದಿರುತ್ತಿತ್ತು. ತುಟಿ, ಕೋರೆಹಲ್ಲು ಕೂಡ ಬೇಸತ್ತು ಜೋತುಬಿದ್ದಂತಿರುತ್ತಿತ್ತು. ಮೆಜೆಸ್ಟಿಕ್ಕಿನಿಂದ ವಿಜಯನಗರದವರೆಗೆ ಮೆಟ್ರೋದಲ್ಲಿ ನಿಂತೇ ಬಂದ ರಾಕ್ಷಸನಂತೆ ಕಾಣುತ್ತಿದ್ದ. ಪಕ್ಕದ ಮನೆಯ ಕಾಲೇಜು ಹುಡುಗಿ ಸಿಂಚನಾ ಒಂದು ದಿನ ಅವನ ಫೋಟೋ ತೆಗೆದು, ಕೆಳಗೆ 'ಸೋಮವಾರ' ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಲೋಕವೆಲ್ಲ ತನ್ನನ್ನೇ ಕಂಡಂತೆ ನಿಟ್ಟುಸಿರುಬಿಟ್ಟಿತು. ಜರ್ಮನಿಯಲ್ಲಿ ಪ್ರದರ್ಶನವಾಯಿತು, ಕೊರಿಯಾದಲ್ಲಿ ಕಾಲುಚೀಲಗಳ ಮೇಲೆ ರಾಕ್ಷಸ ಬಂದ, ಬ್ರೆಜಿಲ್ಲಿನಲ್ಲೊಬ್ಬ ಮೀನಖಂಡದ ಮೇಲೆ ಹಚ್ಚೆ ಹಾಕಿಸಿಕೊಂಡ. ಪಾಪಮ್ಮನಿಗೆ ಬಂದದ್ದು ಜರ್ಮನ್ ಭಾಷೆಯ ಒಂದು ಪ್ರಮಾಣಪತ್ರ. ಓದುವವರು ಬೀದಿಯಲ್ಲಿ ಯಾರೂ ಇಲ್ಲದ್ದರಿಂದ ಅದನ್ನವಳು ಬಣ್ಣದ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದಳು.

ಈಗ ಅದೇ ತಗಡಿಗೆ ಬಣ್ಣ ಬಳಿದು, ಹೊಸದಾಗಿ ಎರಡು ದುಂಡನೆಯ ಕಣ್ಣು ಬರೆದಳು. ಕುಂಚ ತನ್ನಷ್ಟಕ್ಕೆ ತಾನೇ ರೆಪ್ಪೆ ಇಳಿಸಿತು.

"ಇದು ಕೋಪ ಅಲ್ಲ ಪಾಪಮ್ಮಾ, ಲೋ ಬಿಪಿ," ಎಂದರು ಎದುರುಮನೆಯ ರಿಟೈರ್ಡ್ ಸ್ಕೂಲ್ ಮೇಡಂ ಕಮಲಾಕ್ಷಮ್ಮ, ಕಾಂಪೌಂಡಿನ ಮೇಲಿಂದ ಬಗ್ಗಿ.

ಮತ್ತೆ ಅಳಿಸಿದಳು. ಟೀ ಅಂಗಡಿಯ ಕಿಟ್ಟಿ ಬಂದು ಎದುರು ಕೂತ. "ಆಂಟಿ, ನನ್ ಮುಖ ನೋಡ್ಕೊಂಡ್ ಬರೀರಿ," ಎಂದು ಹುಬ್ಬು ಗಂಟಿಕ್ಕಿ ಹಲ್ಲು ಕಡಿದ. ಅಷ್ಟರಲ್ಲಿ ಯಾರೋ "ಗುರು, ಒಂದು ಬೈ ಟೂ" ಅಂದರು. ಕಿಟ್ಟಿಯ ಮುಖ ಬೆಲ್ಲವಾಯಿತು. ಪಾಪಮ್ಮನ ರಾಕ್ಷಸ ಗಿರಾಕಿ ಕಂಡವನಂತೆ ನಕ್ಕ.

ಸಿಂಚನಾ ಮೊಬೈಲ್ ಹಿಡಿದು ಓಡಿಬಂದಳು. "ಆಂಟಿ, ಲೈವ್ ಹೋಗ್ತಾ ಇದೆ. ಸ್ಟೈಲ್ ಬದಲಾಯಿಸ್ಬೇಡಿ ಅಂತ ಪೋಲೆಂಡಿನೋರು ಅಳ್ತಾ ಇದಾರೆ!"

"ಅಳೋರಿಗೆ ಒಂದು ಟೀ ಕೊಡು ಕಿಟ್ಟಿ," ಎಂದಳು ಪಾಪಮ್ಮ, ಮೂರನೆಯ ಸಲ ಅಳಿಸುತ್ತಾ. ಅವಳ ಕೆನ್ನೆ, ಮೂಗು, ಮುಂಗೂದಲೆಲ್ಲ ಬಣ್ಣವಾಗಿತ್ತು.

ಹತ್ತು ಗಂಟೆಗೆ ಕಮಲಾಕ್ಷಮ್ಮನಿಗೆ ತಡೆಯಲಾಗಲಿಲ್ಲ. ಅಡಿಕೋಲು ತಂದು, "ಏಯ್ ಕಿಟ್ಟಿ! ಹದಿನೇಳರ ಮಗ್ಗಿ ಹೇಳು!" ಎಂದು ಗುಡುಗಿದರು.

ಕಿಟ್ಟಿಯ ಕೈಯಿಂದ ಸೌಟು ಬಿತ್ತು. ಪಾಪಮ್ಮ ಉಸಿರು ಬಿಗಿಹಿಡಿದು ಮೇಡಂ ಮುಖವನ್ನು ಹಾಗೆಯೇ ತಗಡಿಗೆ ಇಳಿಸಿದಳು. ಬೀದಿ ನಾಯಿ ತಗಡನ್ನು ನೋಡಿ ಬೊಗಳುತ್ತಾ ಹಿಂದೆ ಸರಿಯಿತು.

ಹಸಿ ತಗಡನ್ನು ಎರಡೇ ಬೆರಳಲ್ಲಿ ಹಿಡಿದು ಪಾಪಮ್ಮ ಆಟೋದಲ್ಲಿ ಬಸವೇಶ್ವರನಗರಕ್ಕೆ ಹೋದಳು. ಗೊಂಬೆ ಮೇಲೇರಿತು. ಸೆಲ್ಫಿಗೆ ಬಂದಿದ್ದ ಜೋಡಿಯೊಂದು ಅದನ್ನು ನೋಡಿ, ಚಪ್ಪಲಿ ಸದ್ದಾಗದಂತೆ ತಿರುಗಿಹೋಯಿತು.

"ಭೇಷ್! ನಲವತ್ತೂ ನಿಮ್ದೇ," ಎಂದರು ಬಸವಲಿಂಗಪ್ಪ.

ಹನ್ನೊಂದೂಕಾಲಾಯಿತು. ಶಾಮಿಯಾನದಲ್ಲಿ ಅಡುಗೆಯವರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಬಸವಲಿಂಗಪ್ಪನವರ ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು.

"ನಾಲ್ಕ್ ಸಲ ಸುತ್ತಿದ್ವಿ ಕಣ್ರೀ, ಆ ಗುಲಾಬಿ ರಾಕ್ಷಸ ಎಲ್ಲಿ?"

ಪೂಜೆಯ ಅಯ್ಯನವರಂತೂ ಮೂರನೇ ಕ್ರಾಸಿನ ಯಾರದೋ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

ಬಸವಲಿಂಗಪ್ಪನವರು ತಲೆಯ ಮೇಲೆ ಕೈಹೊತ್ತರು. "ಹಳೇ ನಂಬರು, ಹೊಸ ನಂಬರು ಗೊಂದಲ ಅಂತ ಇನ್ವಿಟೇಶನ್‌ನಲ್ಲಿ ರಾಕ್ಷಸನ ಚಿತ್ರಾನೇ ಹಾಕ್ಸಿದ್ನಲ್ಲಮ್ಮಾ! ಮೊದ್ಲಿನದೇ ಬರೀರಿ, ಬೇಗ!"

"ಬಣ್ಣ ಅಂಗಡೀಲಿದೆ ಸಾರ್."

ಅಂಗಡಿಗೆ ಹೋಗಿ ಬರಲು ಆಟೋ ಹುಡುಕುತ್ತಾ ಪಾಪಮ್ಮ ಗೇಟಿನ ಕಂಬಕ್ಕೆ ಒರಗಿದಳು. ಬಣ್ಣ ಮೆತ್ತಿದ ಮುಖದಲ್ಲಿ ರೆಪ್ಪೆ ತಾನಾಗಿ ಅರ್ಧಕ್ಕಿಳಿಯಿತು.

ಕಿರ್ರೆಂದು ಆಟೋವೊಂದು ನಿಂತಿತು. ಅಯ್ಯನವರು ಹೊರಗೆ ತಲೆಹಾಕಿ, ಕೈಯಲ್ಲಿದ್ದ ಇನ್ವಿಟೇಶನ್ ನೋಡಿದರು, ಪಾಪಮ್ಮನನ್ನು ನೋಡಿದರು. "ಇಳೀರಿ, ಇಳೀರಿ! ಅದೇ ಮುಖ, ಇದೇ ಮನೆ!"

ಹಿಂದೆಯೇ ಸ್ಕೂಟರು, ಕಾರು, ಬೀಗರ ವ್ಯಾನು. ಎಲ್ಲರೂ ಇನ್ವಿಟೇಶನ್ ನೋಡಿ, ಅವಳನ್ನು ನೋಡಿ, ತಲೆಯಾಡಿಸಿ ಒಳಗೆ ಹೋದರು. ಪಾಪಮ್ಮ ಒಬ್ಬರ ಕೈಯ ಇನ್ವಿಟೇಶನ್ ಇಸಿದುಕೊಂಡು ದಿಟ್ಟಿಸಿದಳು. ಅದೇ ಇಳಿದ ರೆಪ್ಪೆ, ಅದೇ ಜೋತುಬಿದ್ದ ತುಟಿ. ಇಷ್ಟು ವರ್ಷ ತಾನು ಬರೆದದ್ದು ಯಾರನ್ನೆಂದು ಅವಳಿಗೆ ಈಗ ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಯ್ಯೋ, ಕೂತ್ಕೋಬೇಡಿ ಪಾಪಮ್ಮಾ!" ಬಸವಲಿಂಗಪ್ಪ ಓಡಿಬಂದರು. "ಕಾರ್‌ನಲ್ಲಿ ಬರೋರಿಗೆ ಕಾಣಲ್ಲ. ಕೊನೇ ಪಂಕ್ತಿ ಆಗೋವರೆಗೂ ಹೀಗೇ ನಿಂತಿರಿ."

"ಆಮೇಲೆ ಆ ನಲವತ್ತು ಗೊಂಬೆ ಶುರು ಮಾಡ್ಲಾ ಸಾರ್?"

"ಗೊಂಬೆ ಯಾಕಮ್ಮಾ ಇನ್ನು? ಅಲ್ಲಿಗೂ ನೀವೇ ಬಂದು ನಿಂತ್ಬಿಡಿ."

ಪಾಪಮ್ಮ ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಾಯಿಸಿದಳು.