ಯಲ್ಲಾಪುರಕ್ಕೆ ಹೊರಟ ವಿಮಾನ

ಮಧುಕೇಶ್ವರ ಮಾಡಿದ ತಪ್ಪು ಇಷ್ಟೇ: ಭಾನುವಾರ ಯಲ್ಲಾಪುರಕ್ಕೆ ಹೋಗುತ್ತೇನೆಂದು ವಿನೋದನ ಚಹಾದಂಗಡಿಯಲ್ಲಿ ಬಾಯಿಬಿಟ್ಟ. ಶಿರಸಿಯಲ್ಲಿ ಪರ ಊರಿಗೆ ಹೋಗುವವನು ಕಳ್ಳನ ಹಾಗೆ ಸದ್ದಿಲ್ಲದೆ ಹೋಗಬೇಕು. ಗೊತ್ತಾಯಿತೋ, ಆ ಊರಲ್ಲಿ ಮಗಳು, ಬೀಗರು, ಷಡ್ಡಕರು ಇರುವವರೆಲ್ಲ ಗಂಟು ಹಿಡಿದು ಬಾಗಿಲಿಗೆ ಬರುತ್ತಾರೆ.

ಅವನು ಖಾಸಗಿ ಶಾಲೆಯೊಂದರ ಗುಮಾಸ್ತ. ವಯಸ್ಸು ನಲವತ್ತಾರು, ಹುಚ್ಚು ಎರಡು. ಒಂದು, ಗೇರಿನ ಸೈಕಲ್. ಅದನ್ನು ಹತ್ತುವಾಗ ಮೈಗಂಟುವ ಚಡ್ಡಿ ತೊಡುತ್ತಿದ್ದುದರಿಂದ ಓಣಿಯ ಹೆಂಗಸರು ಮುಖ ತಿರುಗಿಸುತ್ತಿದ್ದರು, ಆಮೇಲೆ ಇನ್ನೊಮ್ಮೆ ನೋಡುತ್ತಿದ್ದರು. ಇನ್ನೊಂದು, ಥರ್ಮೋಕೋಲಿನಲ್ಲಿ ರಿಮೋಟ್ ವಿಮಾನ ಕಟ್ಟುವುದು. ಮೊದಲನೆಯ ವಿಮಾನ ಇನ್ನೂ ತೆಂಗಿನ ಮರದ ಮೇಲಿದೆ, ಎರಡನೆಯದು ಪಕ್ಕದ ಮನೆಯ ಬಾವಿಯಲ್ಲಿ. ಮೂರನೆಯದು ಕ್ರಿಕೆಟ್ ಅಂಪೈರನ ಬೆನ್ನ ಮೇಲೆ ಇಳಿಯಿತು. ಅಂದಿನಿಂದ ಅವನು ಮೈದಾನದ ಕಡೆ ಸುಳಿದರೆ ಹುಡುಗರು ಬ್ಯಾಟ್ ಎತ್ತುತ್ತಿದ್ದರು.

ನಾಲ್ಕನೆಯದು ಅಟ್ಟದಿಂದ ಇಳಿದಾಗ ಹೆಂಡತಿ ದಾಕ್ಷಾಯಿಣಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಲ್ಲಾಪುರಕ್ಕ ಹೋಗ್ತೀನಿ, ಅಲ್ಲಿ ಹಾರಸ್ತೀನಿ ಅಂತ ಊರ ತುಂಬ ಸಾರಿ ಬಂದೀರಲ್ಲ, ಹೋಗ್ರಿ. ಸೈಕಲ್ ಮ್ಯಾಲೇ ಹೋಗಬೇಕು, ಇದು ಹಾರಬೇಕು. ಇಲ್ಲಾಂದ್ರ ಸೈಕಲ್ ನನ್ನ ತಮ್ಮಗ, ವಿಮಾನ ಬಚ್ಚಲ ಒಲಿಗೆ."

"ಹಾರಿದ್ರ?"

"ಹಾರಿದ್ರ ಜನ್ಮದಾಗ ಸೈಕಲ್ ಬಿಡು ಅನ್ನಂಗಿಲ್ಲ. ನಾ ಮಾತಿಗೆ ತಪ್ಪಾಕಿ ಅಲ್ಲ."

ಭಾನುವಾರ ಬೆಳಗಿನ ಆರಕ್ಕೆ ಅವನು ವಿಮಾನವನ್ನು ಕ್ಯಾರಿಯರಿಗೆ ಬಿಗಿಯುತ್ತಿದ್ದಾಗಲೇ ಎದುರುಮನೆಯ ದೇವಕ್ಕ ಭರಣಿ ಸಮೇತ ಹಾಜರಾದಳು.

"ಹೆಂಗಾರೂ ಹೊಂಟಿದೀಯಲ ತಮಾ, ನಮ್ಮ ಮಗಳು ಗಗನಾಗೆ ಇದೊಂದು ಕೊಟ್ಟುಬಿಡು. ಅಪ್ಪೆಮಿಡಿ ಉಪ್ಪಿನಕಾಯಿ. ಬಸ್ಸಲ್ಲಿ ಕಳ್ಸಿದ್ರೆ ಕುಲುಕಿ ಹೋಗ್ತದೆ."

"ದೇವಕ್ಕ, ಇದು ಸೈಕಲ್ಲು."

"ಅದಕ್ಕೇ ಮತ್ತೆ. ನಿಧಾನ ಹೋಗ್ತದೆ."

ಒಬ್ಬಳದ್ದು ತೆಗೆದುಕೊಂಡ ಮೇಲೆ ಉಳಿದವರಿಗೆ ಇಲ್ಲ ಎನ್ನಲು ಯಾವ ಬಾಯಿ? ಅರ್ಧ ತಾಸಿನಲ್ಲಿ ಹಲಸಿನ ಹಪ್ಪಳದ ಕಟ್ಟು, ಯಾರದೋ ಸೊಂಟದ ಎಕ್ಸ್‌ರೇ, ಬೇರಿಗೆ ಮಣ್ಣು ಕಟ್ಟಿದ ಮಲ್ಲಿಗೆ ಗಿಡ ಎಲ್ಲ ಸೇರಿದವು. ವಿಮಾನ ಕ್ಯಾರಿಯರಿನಿಂದ ಇಳಿದು ಅವನ ಬೆನ್ನಿಗೆ ಬಂತು. ಕೈಗಾಡಿಯ ಮೇಲೆ ಪಾತ್ರೆ ಮಾರುವವನು ಕೂಡ ಅಷ್ಟು ಹೇರಿಕೊಂಡು ಹೋಗುವುದಿಲ್ಲ.

ಸೋಂದಾ ಕ್ರಾಸಿನ ಹತ್ತಿರದ ಏರಿನಲ್ಲಿ ಅವನ ನಾಲಿಗೆ ಹೊರಬಿದ್ದಿತ್ತು. ಒಂದು ಪಿಕಪ್ ಗಾಡಿ ಪಕ್ಕಕ್ಕೆ ಬಂದು ನಿಂತಿತು.

"ಎಂತ ಮಾರಾಯಾ, ಬೈಕು ಹಾಳಾತಾ? ಹತ್ತು, ಹಿಂದೆ ಜಾಗ ಇದ್ದು, ಕ್ರಾಸಿನವರೆಗೆ ಬಿಡ್ತೆ."

ಮಧುಕೇಶ್ವರನಿಗೆ ಅಳು ಬಂತು. ಹತ್ತಿದರೆ ಪಂದ್ಯ ಸೋತಂತೆ. "ಬ್ಯಾಡ್ರಿ, ಹವ್ಯಾಸಕ್ಕ ಹೊಡಿಯಾಕತ್ತೀನಿ" ಎಂದ.

ಡ್ರೈವರ್ ಅವನನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿದ. "ಹಂಗಾರೆ ಈ ಬಾಳೆಗೊನೆ ಮಂಚೀಕೇರಿ ಅಂಗಡಿಗೆ ಕೊಟ್ಟಿಕ್ಕು. ಆನು ಇಲ್ಲೇ ಸೋಂದಾಕ್ಕೆ ತಿರುಗ್ತೆ."

ಯಲ್ಲಾಪುರ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ತೊಯ್ದು, ಉಪ್ಪಿನಕಾಯಿಯ ರಸ ಚೀಲ, ಗಿಡ, ಎಕ್ಸ್‌ರೇ ಎಲ್ಲಕ್ಕೂ ಸಮನಾಗಿ ಹಂಚಿಹೋಗಿತ್ತು. ಬೆನ್ನಿನ ಮೇಲಿದ್ದ ವಿಮಾನದ ಬಾಲವೂ ಕೆಂಪಾಗಿತ್ತು. ಗಗನಾಳ ಮನೆಯ ಹಿಂದೆಯೇ ಬಯಲು. ಭರಣಿ ಅವಳಿಗೆ ಕೊಟ್ಟು, ವಿಡಿಯೋ ಮಾಡೆಂದು ಹೇಳಿ, ಅವನು ವಿಮಾನ ಬಿಟ್ಟ.

ಹಾರಿತು! ತೆಂಗಿಗೂ ಹೋಗಲಿಲ್ಲ, ಬಾವಿಗೂ ಹೋಗಲಿಲ್ಲ. ಮಧುಕೇಶ್ವರನ ಎದೆ ಉಬ್ಬಿತು, ಕಣ್ಣು ಒದ್ದೆಯಾಯಿತು, ಜೀವನದಲ್ಲಿ ಮೊದಲ ಸಲ ತಾನು ಏನೋ ಮಾಡಿದೆನೆನ್ನಿಸಿತು. ಒಂದೂವರೆ ಸುತ್ತು ಆಗುವಷ್ಟರಲ್ಲಿ ಉಪ್ಪಿನಕಾಯಿಯ ವಾಸನೆಗೋ ಏನೋ ಹತ್ತಾರು ಕಾಗೆಗಳು ಬೆನ್ನು ಹತ್ತಿದವು. ವಿಮಾನ ಹೆದರಿದವರಂತೆ ಓಡಿ ಗಗನಾಳ ತಗಡಿನ ಮಾಡಿಗೆ ಢಮ್ಮೆಂದು ಬಿತ್ತು. ಒಂದು ರೆಕ್ಕೆ ಕಾಗೆಯ ಪಾಲಾಯಿತು.

ಅವನು ಉಳಿದ ಗಂಟುಗಳನ್ನು ಹಂಚಿ, ಅರ್ಧ ವಿಮಾನ ಎತ್ತಿಕೊಂಡು ಹೊರಟಾಗ ಗಗನಾ ಸ್ಟೀಲಿನ ಡಬ್ಬಿ ತಂದಳು.

"ಅಣ್ಣಾ, ಬರಿಗೈಲಿ ಕಳ್ಸೂಕೆ ಆಗ್ತದಾ? ಅಮ್ಮಂಗೆ ಜೋನಿಬೆಲ್ಲ. ಡಬ್ಬಿ ನಮ್ಮತ್ತೇದು, ಮರೀದೆ ವಾಪಸ್ ತಂದ್ಕೊಡಿ."

ಹಪ್ಪಳದ ಮನೆಯವರು ಜೇನು ಕೊಟ್ಟರು. ಎಕ್ಸ್‌ರೇ ಮನೆಯವರು ಕುಂಬಳಕಾಯಿ ಕೊಟ್ಟರು. ಮರಳಿ ಬರುವ ಏರಿನಲ್ಲಿ ಮೊಣಕಾಲು ಕಿರುಗುಟ್ಟುತ್ತಿದ್ದಾಗ ಮಧುಕೇಶ್ವರನಿಗೆ ಜ್ಞಾನೋದಯವಾಯಿತು. ಪಂದ್ಯ ಸೋಲುವುದೇ ಲೇಸು. ಸೈಕಲ್ ಭಾವಮೈದುನನಿಗೆ ಹೋಗಲಿ, ಗಂಟುಗಳೂ ಅವನ ಹಿಂದೆಯೇ ಹೋಗಲಿ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ, ಜಗಲಿಯಲ್ಲಿ ಕುಸಿದು ಕುಳಿತ.

"ಹಾರ್ಲಿಲ್ಲ" ಎಂದ. "ನೀ ಗೆದ್ದಿ. ನಿನ್ನ ತಮ್ಮಗ ಈಗಲೇ ಫೋನ್ ಹಚ್ಚು, ಸೈಕಲ್ ಒಯ್ಯಲಿ."

ದಾಕ್ಷಾಯಿಣಿ ತನ್ನ ಫೋನನ್ನೇ ಅವನ ಮೂಗಿನ ಕೆಳಗೆ ಹಿಡಿದಳು. ವಿಮಾನ ಹಾರುತ್ತಿತ್ತು, ಹಿಂದೆ ಕಾಗೆಗಳು ಹಾರುತ್ತಿದ್ದವು.

"ಗಗನಾ ಆಗಲೇ ಕಳಿಸ್ಯಾಳ. ಓಣಿಯವರೆಲ್ಲ ನೋಡ್ಯಾರ. ಹಾರೇತಲ್ರೀ! ಸೈಕಲ್ ನಿಮ್ಮದ, ಯಾರಿಗೂ ಕೊಡಂಗಿಲ್ಲ. ನಾ ಮಾತಿಗೆ ತಪ್ಪಾಕಿ ಅಲ್ಲ ಅಂತ ಹೇಳಿದ್ನಿಲ್ಲೋ?"

ಅವನು ಬಾಯಿ ತೆರೆಯುವ ಮೊದಲೇ ದೇವಕ್ಕ ಬಂದು ಜೋನಿಬೆಲ್ಲದ ಡಬ್ಬಿ ಒಯ್ದಳು. ಕಾಲು ತಾಸಿನಲ್ಲಿ ಅದೇ ಡಬ್ಬಿ ಹಿಡಿದು ತಿರುಗಿ ಬಂದಳು. ಈಗ ಅದರಲ್ಲಿ ಚಕ್ಕುಲಿ ಇತ್ತು.

"ಬೀಗರ ಡಬ್ಬಿ ತಮಾ. ಖಾಲಿ ಕಳ್ಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಬರೋ ಭಾನುವಾರ ಕೊಟ್ಟು ಬಾ. ಬರ್ತಾ ನನ್ನ ಭರಣಿನೂ ತಗಂಬಾ, ಅದನ್ನ ಅವಳೂ ಖಾಲಿ ಕಳ್ಸೂದಿಲ್ಲ ಬಿಡು."

ಅವಳ ಹಿಂದೆ ಜೇನಿನ ಬಾಟಲಿಯವರು ನಿಂತಿದ್ದರು. ಅವರ ಹಿಂದೆ ಯಾರೋ ಹೊಸಬರು, ಕೈಯಲ್ಲಿ ಸೌತೆಕಾಯಿ ಚೀಲ. ದಾಕ್ಷಾಯಿಣಿ ಸೈಕಲ್ಲಿನ ಮೇಲಿದ್ದ ಅರ್ಧ ವಿಮಾನವನ್ನು ಬಿಚ್ಚಿ ಅಟ್ಟದ ಕಡೆ ಹೊರಟಳು.

"ಬರೂ ವಾರ ಇದನ್ನ ಬಿಟ್ಟು ಹೋಗ್ರಿ" ಎಂದಳು. "ಸುಮ್ನ ಜಾಗ ತಿಂತೇತಿ."